ಮೈಕಿನಲ್ಲಿ ಕರೆದ ಹೆಸರು

"ಮೇಡಂ, ಈ ತೋಟದಲ್ಲಿ ಮದುಮಗಳ ಹೆಸರು ಹಿಡಿದು ಕೂಗ್ಬೇಡಿ. ಮದುವೆ ಮುಗಿಯೋವರೆಗೂ ಮಗಳೇ ಅನ್ನಿ, ಏ ಹುಡುಗಿ ಅನ್ನಿ. ಹೆಸರು ಮಾತ್ರ ಬೇಡ."

ಕೋಟೆಯ ಮುದಿ ಮಾಲಿ ಕತ್ತರಿ ಕೆಳಗಿಟ್ಟು ಹೇಳಿದ. ಹಿಂದೆಂದೋ ಮದುವೆಯ ದಿನವೇ ಮದುಮಗ ಕೈಬಿಟ್ಟ ಹೆಣ್ಣೊಬ್ಬಳು ಈ ಬೇಲಿಗಿಡಗಳ ಬುಡದಲ್ಲಿ ಮಾಟ ಹೂಳಿಸಿದ್ದಳಂತೆ. ಮೂರು ಸಲ ಕೂಗಿದ ಹೆಸರನ್ನು ತೋಟ ಕಿತ್ತುಕೊಳ್ಳುತ್ತದಂತೆ.

ಮೇಡಂ ಎನಿಸಿಕೊಂಡವಳು ನಕ್ಕಳು. ಮದುವೆಗಳ ಏರ್ಪಾಡು ನೋಡಿಕೊಳ್ಳುವುದೇ ಅವಳ ಕಸುಬು. ಊರವರ ಮದುವೆ ಮಾಡಿಸಿ ಮಾಡಿಸಿ ಸೊಂಟ ಬಿದ್ದುಹೋಗಿತ್ತು. ಇವತ್ತು ಈ ಕೋಟೆಯಲ್ಲಿ ನಡೆಯುವುದು ಸ್ವಂತ ತಂಗಿಯದು. ಅಮ್ಮ ತೀರಿಕೊಂಡಾಗ ತಂಗಿಗೆ ನಾಲ್ಕು ವರ್ಷ, ಇವಳಿಗೆ ಹದಿನೇಳು. ತಲೆ ಬಾಚಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು, ಮಗ್ಗಿ ಕಲಿಸಿದ್ದು ಎಲ್ಲ ಇವಳೇ. ಇದೊಂದು ಮುಗಿದರೆ ಒಂದು ವಾರ ಮುಸುಕು ಹಾಕಿ ಮಲಗಬೇಕೆಂದಿದ್ದಳು. ಮಾಟಕ್ಕೆ ಹೆದರಲೂ ಅವಳಿಗೆ ಪುರುಸೊತ್ತಿರಲಿಲ್ಲ.

"ಅಜ್ಜಾ, ನನ್ನ ತಲೆ ತಿನ್ಬೇಡಿ. ಬೇಲಿ ಕತ್ತರಿಸೋದು ಮುಗಿಸಿ, ಜನ ಬರೋ ಹೊತ್ತಾಯ್ತು."

ಮೈಕು ಪರೀಕ್ಷಿಸುವಾಗ ಎಲ್ಲರೂ ಹಲೋ, ಒಂದು, ಎರಡು ಅನ್ನುತ್ತಾರೆ. ಇವಳು ಮಾತ್ರ ಮದುಮಗಳ ಹೆಸರನ್ನೇ ಕರೆಯುತ್ತಿದ್ದಳು. ಆ ಹೆಸರು ಕೊನೆಯ ಕುರ್ಚಿಗೂ ಸ್ಪಷ್ಟವಾಗಿ ಕೇಳಿದರೆ ಸಾಕು, ಉಳಿದ ಭಾಷಣ ಯಾರಿಗೆ ಬೇಕು ಎಂಬುದು ಅವಳ ಲೆಕ್ಕ. ಹಾಗೇ ತಂಗಿಯ ಹೆಸರು ಕರೆದಳು. ಮೈಕು ಕಿರುಗುಟ್ಟಿತು. ಎರಡನೆಯ ಸಲ ಕರೆದಾಗ ಗಾಳಿಯಿಲ್ಲದೆ ಬೇಲಿ ಅಲುಗಿತು. ಮಾಲಿ ಬೇಡ ಬೇಡವೆಂದು ಕೈಬೀಸುತ್ತ ಓಡಿಬಂದ. ಅಷ್ಟರಲ್ಲಿ ಮೂರನೆಯದೂ ಬಾಯಿಂದ ಹೊರಬಿದ್ದಿತ್ತು.

"ಹಾಂ, ಬಂದೆ."

ಬೇಲಿಯ ಒಳಗಿಂದ ಬಂದ ದನಿ ತಂಗಿಯದೇ. ತಂಗಿ ಇದ್ದದ್ದು ಮೇಲೆ, ಬುರುಜಿನ ಕೋಣೆಯಲ್ಲಿ.

ಅವಳು ಎದ್ದುಬಿದ್ದು ಓಡಿದಳು. ಕಲ್ಲಿನ ಮೆಟ್ಟಿಲಲ್ಲಿ ಹಾಡಹಗಲೇ ಕತ್ತಲು. ಕೊಳೆತ ಹೂವಿನ ವಾಸನೆ ಮೂಗಿಗೆ ಬಡಿಯಿತು. ಕೋಣೆಯಲ್ಲಿ ಅಲಂಕಾರದವಳು ಗೋಡೆಗೆ ಅಂಟಿಕೊಂಡು ನಿಂತಿದ್ದಳು.

"ಕರೆದ್ರೆ ತಿರುಗ್ತಾನೇ ಇಲ್ಲ, ಮೇಡಂ!"

ಕನ್ನಡಿಯ ಮುಂದೆ ತಂಗಿ. ಕಣ್ಣು ತೆರೆದಿತ್ತು. ಆ ಕಣ್ಣಿನೊಳಗೆ ಯಾರೂ ಇರಲಿಲ್ಲ. ಕೈ ತಣ್ಣಗಿತ್ತು. ಉಗುರಿನ ಸಂದಿಯಲ್ಲಿ ಹಸಿಮಣ್ಣು. ಕಿಟಕಿಯ ಕೆಳಗೆ, ಬೇಲಿಯ ಉದ್ದಕ್ಕೂ, ತಂಗಿಯದೇ ದನಿ ಗುನುಗುತ್ತ ಸುತ್ತುತ್ತಿತ್ತು.

ಬಂದ ದಾರಿಯಲ್ಲೇ ಕೆಳಗೋಡಿ ಮಾಲಿಯ ತೋಳು ಹಿಡಿದಳು.

"ತಪ್ಪಾಯ್ತು ಅಜ್ಜಾ. ಏನಾದ್ರೂ ಮಾಡಿ."

"ಬದಲಿಗೆ ಇನ್ನೊಂದು ಹೆಸರು ಕೊಡ್ಬೇಕಮ್ಮ. ತೋಟ ಕಿತ್ಕೊಂಡ್ರೆ ಜೀವಾನೇ ಹೋಗುತ್ತೆ. ನಾವಾಗಿ ಕೊಟ್ರೆ ಹೆಸರಷ್ಟೇ ಹೋಗುತ್ತೆ. ಆದ್ರೂ ಬೇಡ, ಅದು ಸಣ್ಣದಲ್ಲ."

ಹೆಸರಷ್ಟೇ ತಾನೇ, ಅಂದುಕೊಂಡಳು. ಇಷ್ಟು ದಣಿದ ಮೇಲೆ ಅದನ್ನು ಹೊತ್ತುಕೊಂಡು ಆಗಬೇಕಾದದ್ದೇನಿದೆ?

ಮೈಕು ಎತ್ತಿದಳು. ತನ್ನ ಹೆಸರು ಕರೆದಳು. ಬೇಲಿ ಸರಿಯಿತು. ಮತ್ತೆ ಕರೆದಳು. ಬಾಯಲ್ಲಿ ಮಣ್ಣಿನ ರುಚಿ. ಮೂರನೆಯ ಸಲ ನಾಲಿಗೆ ಹೊರಳಲಿಲ್ಲ. ಹಲ್ಲು ಕಚ್ಚಿದಳು. ಹೆಸರನ್ನು ಹೊರದಬ್ಬಿದಳು.

ತೋಟ ಸುಮ್ಮನಾಯಿತು.

ಸ್ವಲ್ಪ ಹೊತ್ತಿಗೆ ತಂಗಿ ಸೀರೆಯ ನೆರಿಗೆ ಎತ್ತಿ ಹಿಡಿದು ಮೆಟ್ಟಿಲಿಳಿದು ಬಂದಳು. ಕೆನ್ನೆಗೆ ರಂಗು ಮರಳಿತ್ತು, ಕಣ್ಣಲ್ಲಿ ನಗುವಿತ್ತು. ಇವಳು ಓಡಿಹೋಗಿ ತಬ್ಬಿಕೊಂಡು ಗಳಗಳನೆ ಅತ್ತಳು. ತಂಗಿಯ ಮೈ ಬಿಗಿಯಿತು. ನಯವಾಗಿ, ನೋವಾಗದ ಹಾಗೆ, ತೋಳು ಬಿಡಿಸಿಕೊಂಡಳು.

"ನೀವು... ಹುಡುಗನ ಕಡೆಯವರಾ?"

"ನಾನು..." ಎಂದು ಬಾಯಿ ತೆರೆದಳು. ಮುಂದೆ ಹೇಳಲು ಹೆಸರೇ ಇರಲಿಲ್ಲ. ಅಕ್ಕ ಎನ್ನಲು ಹೋದರೆ ಆ ಮಾತೂ ಹೆಸರಿನ ಜೊತೆಗೇ ಹೋಗಿತ್ತು. ತಂಗಿಯ ಓಲೆಯ ತಿರುಪು ಸಡಿಲವಾಗಿತ್ತು. ಕೈ ತಾನಾಗಿಯೇ ಹೋಗಿ ಬಿಗಿ ಮಾಡಿತು.

"ಓ, ಅಲಂಕಾರದವರ ಜೊತೆ ಬಂದಿದ್ದೀರಾ? ತುಂಬಾ ಸುಸ್ತಾಗಿದ್ದೀರಿ ಪಾಪ," ಎಂದಳು ತಂಗಿ. "ಊಟ ಮಾಡ್ಕೊಂಡೇ ಹೋಗ್ಬೇಕು, ಆಯ್ತಾ?"