ಉಗುರುಬೆಚ್ಚಗಿನ ನೀರು

"ಕುದುರೆ ಹತ್ತೋಕೆ ಬಂದವರು ಮೊದಲು ನೀರು ಹೊರಬೇಕು," ಅಂತ ಹೇಳಿ ಅವಳು ನನ್ನ ಕೈಗೆ ಎರಡು ಬಕೆಟ್ ಕೊಟ್ಟಳು.

ನಾನು ಹೊತ್ತೆ. ಲಾಯದ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ. ಐದನೇ ಸಲಕ್ಕೆ ನಿಂತು ಉಸಿರು ಬಿಟ್ಟು ಹೇಳಿದೆ, "ನಾನು ಕಲಿಯೋಕೆ ಬಂದವನಲ್ಲ ಮೇಡಂ. ಪ್ಲಂಬರ್. ಪೈಪ್ ಹೆಪ್ಪುಗಟ್ಟಿದೆ ಅಂತ ಫೋನ್ ಮಾಡಿದ್ರಲ್ಲ."

ನನ್ನ ಹೆಗಲ ಮೇಲಿದ್ದ ಟೂಲ್ ಬ್ಯಾಗ್ ಅವಳ ಕಣ್ಣಿಗೆ ಬಿದ್ದದ್ದು ಆಗ. ಚಳಿಗೆ ಕೆನ್ನೆ ಮೊದಲೇ ಕೆಂಪಾಗಿತ್ತು, ಈಗ ಕಿವಿಯೂ ಕೆಂಪಾಯಿತು. "ಮತ್ತೆ ನಾಲ್ಕು ಸಲ ಯಾಕೆ ಹೊತ್ರಿ?"

"ನೀವು ಹೇಳಿದ್ರಿ."

ಅವಳು ನಕ್ಕಳು. ನನ್ನ ಕಥೆ ಅಲ್ಲಿಗೆ ಮುಗಿಯಿತು.

ಅವಳು ಕುದುರೆ ಸವಾರಿ ಕಲಿಸುವವಳು. ಅಪ್ಪ ತೀರಿಕೊಂಡ ಮೇಲೆ ಹನ್ನೊಂದು ಕುದುರೆಗಳ ಜವಾಬ್ದಾರಿ ಅವಳದಾಗಿತ್ತು. ಜೊತೆಗಿದ್ದವರು ಅತ್ತೆ, ಅಂದರೆ ಅಪ್ಪನ ಅಕ್ಕ. ಕುದುರೆಗಳಲ್ಲಿ ಎಲ್ಲಕ್ಕಿಂತ ಹಿರಿಯದು ಒಂದು ಬೂದು ಬಣ್ಣದ ಹೆಣ್ಣು ಕುದುರೆ. ಅದನ್ನು ಎಲ್ಲರೂ ಅಜ್ಜಿ ಅಂತಲೇ ಕರೆಯುತ್ತಿದ್ದರು. ಚಿಕ್ಕವಳಿದ್ದಾಗ ಅಪ್ಪ ಅವಳನ್ನು ಮೊದಲ ಸಲ ಕೂರಿಸಿದ್ದು ಅಜ್ಜಿಯ ಬೆನ್ನ ಮೇಲೆ.

ಟ್ಯಾಂಕಿನಿಂದ ಲಾಯಕ್ಕೆ ಬರುವ ಪೈಪು ಗೋಡೆಯ ಹೊರಗೆ, ಚಳಿಗೆ ಮೈಯೊಡ್ಡಿಕೊಂಡು ಹಾದಿತ್ತು. ನೆಲದಲ್ಲಿ ಆಳಕ್ಕೆ ಹೂತುಬಿಟ್ಟರೆ ಮುಗಿಯಿತು, ಎರಡು ದಿನದ ಕೆಲಸ. ನಾನು ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ ಒಳಗಿನ ಐಸ್ ಕರಗಿಸಿದೆ, ಮೇಲೆ ಗೋಣಿಚೀಲ ಕಟ್ಟಿದೆ. "ಸದ್ಯಕ್ಕೆ ಇಷ್ಟು. ನಾಳೆ ಬಂದು ನೋಡ್ತೀನಿ," ಅಂದೆ.

ಮರುದಿನ ಬಂದೆ. ಅದರ ಮರುದಿನವೂ ಬಂದೆ.

ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ಬಕೆಟ್ಟುಗಳಿಗೆ ಬೆರೆಸುವುದು ನಮ್ಮಿಬ್ಬರ ಬೆಳಗಿನ ಕೆಲಸವಾಯಿತು. ಮಗುವಿನ ಸ್ನಾನದ ನೀರಿಗೆ ನೋಡುವ ಹಾಗೆ ಅವಳು ಮೊಣಕೈ ಅದ್ದಿ ಹದ ನೋಡುತ್ತಿದ್ದಳು. "ಉಗುರುಬೆಚ್ಚಗೆ ಇರಬೇಕು. ತಣ್ಣೀರು ಅಜ್ಜಿ ಹಲ್ಲಿಗೆ ಜುಮ್ ಅನ್ನುತ್ತೆ. ಮೂಸಿ ಬಿಟ್ಟುಬಿಡ್ತಾಳೆ."

"ಈ ಚಳೀಲಿ ಅಷ್ಟೊಂದು ಬಾಯಾರಿಕೆ ಆಗುತ್ತಾ?"

"ಆಗಲ್ಲ, ಅದೇ ಕಷ್ಟ. ತಿನ್ನೋದೆಲ್ಲ ಒಣಹುಲ್ಲು. ನೀರು ಕುಡೀದಿದ್ರೆ ಹೊಟ್ಟೇಲೇ ಗಟ್ಟಿಯಾಗಿಬಿಡುತ್ತೆ."

ಅದಕ್ಕೇ ಬೂಸಾ ನೆನೆಹಾಕಿ ಚೂರು ಉಪ್ಪು ಸೇರಿಸುತ್ತಿದ್ದಳು. ಮೈಯಲ್ಲಿ ನೀರು ಸಾಕಷ್ಟಿದೆಯಾ ಅಂತ ತಿಳಿಯಲು ಕುತ್ತಿಗೆಯ ಚರ್ಮ ಚಿವುಟಿ, ತಕ್ಷಣ ಕೂತುಕೊಳ್ಳುತ್ತದಾ ಅಂತ ನೋಡುವುದನ್ನು ನನಗೂ ಕಲಿಸಿದಳು. ಕಂಬಳಿಯ ಕೆಳಗೆ ಮೈ ಬೆಚ್ಚಗಿದೆಯಾ ಅಂತ ನೋಡಲು ಇಬ್ಬರೂ ಒಟ್ಟಿಗೆ ಕೈ ತೂರಿಸಿದ ಒಂದು ದಿನ ಬೆರಳಿಗೆ ಬೆರಳು ತಾಗಿತು. ಇಬ್ಬರಿಗೂ ಕೈ ತೆಗೆಯುವ ಅವಸರವಿರಲಿಲ್ಲ. ಅಜ್ಜಿಯೇ ಬೇಸರಗೊಂಡು ಪಕ್ಕಕ್ಕೆ ಸರಿಯಿತು.

ಅತ್ತೆ ಎಲ್ಲ ನೋಡುತ್ತಿದ್ದರು. ಒಂದು ಬೆಳಿಗ್ಗೆ ನನಗೆ ಚಹಾ ಕೊಡುತ್ತಾ, "ಏನಪ್ಪಾ, ನೀನು ನಲ್ಲಿಯವನೋ, ನಲ್ಲನೋ?" ಅಂದರು. ಅವಳು ಬಕೆಟ್ ಎತ್ತಿಕೊಂಡು ಹೊರಟೇಹೋದಳು. ಖಾಲಿ ಬಕೆಟ್.

ಆ ತಿಂಗಳಲ್ಲಿ ಎರಡು ಸಲ ಅವಳು ಕೇಳಿದಳು, "ಪರ್ಮನೆಂಟಾಗಿ ಏನೂ ಮಾಡೋಕಾಗಲ್ವಾ?"

"ನೆಲ ಕಲ್ಲಾಗಿದೆ. ಚಳಿ ಇಳೀಲಿ," ಅಂದೆ, ಎರಡು ಸಲವೂ. ಸುಳ್ಳು. ಗುದ್ದಲಿ ಇಳಿಯುವಷ್ಟು ನೆಲ ಸಡಿಲವಾಗಿಯೇ ಇತ್ತು. ಪೈಪು ಸರಿಹೋದರೆ ಬರುವುದಕ್ಕೆ ನನಗೊಂದು ನೆಪ ಇರುತ್ತಿರಲಿಲ್ಲ. ನಿಜ ಹೇಳುವ ಧೈರ್ಯವೂ ಇರಲಿಲ್ಲ.

ಆಮೇಲೆ ನನ್ನ ಅಕ್ಕ ಮನೆ ಬದಲಾಯಿಸುತ್ತೇನೆ ಅಂತ ಸಹಾಯಕ್ಕೆ ಕರೆದಳು. ಎರಡು ದಿನ ಹೋದೆ. ಮೊದಲ ದಿನವೇ ಪೈಪು ಒಡೆದು ಟ್ಯಾಂಕ್ ಖಾಲಿಯಾಯಿತು. ಅವಳ ಫೋನ್ ಬಂದಾಗ ನಾನು ಅಕ್ಕನ ಬೀರು ಹೊತ್ತು ಮೆಟ್ಟಿಲು ಹತ್ತುತ್ತಿದ್ದೆ, ಕೇಳಿಸಲಿಲ್ಲ. ಅವಳೂ ಅತ್ತೆಯೂ ಪಕ್ಕದ ತೋಟದ ಬಾವಿಯಿಂದ ಹನ್ನೊಂದು ಕುದುರೆಗಳಿಗೆ ನೀರು ಹೊತ್ತರು. ಕಾಯಿಸುವುದಕ್ಕೆ ಹೊತ್ತಿರಲಿಲ್ಲ. ಅಜ್ಜಿ ಮೂಸಿ ನೋಡಿ ಮುಖ ತಿರುಗಿಸಿತು.

ಮರುದಿನ ಬೆಳಿಗ್ಗೆ ಮಿಸ್ಡ್ ಕಾಲ್ ನೋಡಿ ಹೊರಟು, ಮಧ್ಯಾಹ್ನ ನಾನು ಬಂದಾಗ ಅಜ್ಜಿ ಮಲಗಿ ತನ್ನ ಪಕ್ಕೆಯನ್ನೇ ತಿರುತಿರುಗಿ ನೋಡುತ್ತಿತ್ತು. ಡಾಕ್ಟರು ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟು, "ಸದ್ದೇ ಇಲ್ಲ" ಅಂದರು. ಮೂಗಿನಿಂದ ನಳಿಕೆ ಇಳಿಸಿ ನೀರು, ಎಣ್ಣೆ ಹಾಕಿದರು. "ನಡೆಸ್ತಾ ಇರಿ. ಲದ್ದಿ ಹಾಕಿದ್ರೆ ಬದುಕಿತು ಅಂತ."

ಸರದಿಯ ಮೇಲೆ ಅಂಗಳದಲ್ಲಿ ನಡೆಸಿದೆವು. ಬಿಸಿಲು ಇಳಿಯುವ ಹೊತ್ತಿಗೆ ಅಜ್ಜಿ ನಿಂತು, ಬಾಲ ಎತ್ತಿ, ಲದ್ದಿ ಹಾಕಿತು. ಅವಳು ಅಳುತ್ತಲೇ ನಕ್ಕು ನನ್ನ ಎರಡೂ ಕೈ ಹಿಡಿದುಕೊಂಡಳು.

"ಇನ್ಮೇಲೆ ಕೆಲಸ ಇಲ್ಲದಿದ್ರೂ ಬನ್ನಿ," ಅಂದಳು. "ಬರ್ತೀರಾ?"

ಹೂಂ ಅಂದಿದ್ದರೆ ಆಗುತ್ತಿತ್ತು. ಆದರೆ ಅಜ್ಜಿ ಎದುರಿಗೇ ಕಾಲು ನಡುಗಿಸುತ್ತಾ ನಿಂತಿತ್ತು. ನಾನು ಎಲ್ಲ ಹೇಳಿಬಿಟ್ಟೆ. ಎರಡೇ ದಿನದ ಕೆಲಸವಿತ್ತು ಅಂತ, ನೆಲ ಕಲ್ಲಾಗಿರಲಿಲ್ಲ ಅಂತ. "ನಿಮ್ಮನ್ನ ನೋಡೋಕೆ ಮುಂದೂಡಿದೆ," ಅಂದೆ.

ಅವಳ ಹಿಡಿತ ಮೆಲ್ಲಗೆ ಸಡಿಲವಾಯಿತು.

"ನನ್ನನ್ನ ಕೇಳಿದ್ರೆ ಸಾಕಿತ್ತು. ಮೊದಲನೇ ವಾರಾನೇ ಹೂಂ ಅಂತಿದ್ದೆ." ದನಿಯಲ್ಲಿ ಸಿಟ್ಟಿರಲಿಲ್ಲ. "ಆದ್ರೆ ಅಜ್ಜಿ ನೀರಿಗೆ ಯಾರನ್ನ ಕೇಳ್ಬೇಕಿತ್ತು?"

ಮರುದಿನ ಗುದ್ದಲಿ ತಂದೆ. ಅವಳು ಬೇಡ ಅನ್ನಲಿಲ್ಲ, ಹತ್ತಿರವೂ ಬರಲಿಲ್ಲ. ಎರಡನೇ ದಿನ ಸಂಜೆ ಪೈಪು ಹೂತು ಮಣ್ಣು ಮುಚ್ಚಿದೆ. ಹೊರಟಾಗ ಗೇಟಿನವರೆಗೆ ಬಂದಳು. ನನ್ನ ಮಫ್ಲರ್ ಬಿಚ್ಚಿಕೊಂಡಿತ್ತು. ಕುತ್ತಿಗೆಗೆ ಸುತ್ತಿ, ತುದಿಯನ್ನು ಕೋಟಿನೊಳಗೆ ಸೇರಿಸಿದಳು.

"ನೀವಂದ್ರೆ ನನಗೆ ಇಷ್ಟಾನೇ," ಅಂದಳು. "ಆದ್ರೆ ಇನ್ಮೇಲೆ ನೀವು ಏನು ಹೇಳಿದ್ರೂ ನಿಜಾನಾ ಅಂತ ಮುಖ ನೋಡ್ತಾ ಇರ್ತೀನಿ. ಹಾಗೆ ಬದುಕೋದು ಬೇಡ."

ತಲೆಯಾಡಿಸಿ ಹೊರಟುಬಂದೆ.

ಆರು ಚಳಿಗಾಲ ಕಳೆದಿವೆ. ಅಲ್ಲಿಂದ ಒಂದು ಫೋನೂ ಬಂದಿಲ್ಲ. ಚಳಿ ಜೋರಾದ ಬೆಳಿಗ್ಗೆ ಮೊಬೈಲ್ ಹೊಡೆದುಕೊಂಡರೆ, ಆ ಪೈಪು ಒಡೆದಿರಲಿ ಅಂತ ಒಂದು ಗಳಿಗೆ ಅನ್ನಿಸಿಬಿಡುತ್ತದೆ. ಆಮೇಲೆ ನಾಚಿಕೆಯಾಗಿ, ಒಡೆಯದಿರಲಿ ದೇವರೇ ಅಂದುಕೊಂಡು ಫೋನ್ ಎತ್ತುತ್ತೇನೆ.