ಕಂಬದ ಬುಡದ ಐದು ಗುಡ್ಡೆ ಅಕ್ಕಿ

೧೯೬೬ನೇ ಇಸವಿ ನವೆಂಬರ್ ೧೭, ಗುರುವಾರ. ಬೆಳಿಗ್ಗೆ ಒಂಬತ್ತೂವರೆಗೆ ಹಾಸನ ಟೌನ್ ಠಾಣೆಯ ಮೆಟ್ಟಿಲು ಹತ್ತಿದ ಷಡಕ್ಷರಿಯವರ ಕತ್ತಿನಲ್ಲಿ ಚೆಂಡುಹೂವಿನ ಹಾರವಿತ್ತು. ಅವರು ಊರಿನ ವಿಮಾನ ನಿಲ್ದಾಣ ಸಮಿತಿಯ ಕಾರ್ಯದರ್ಶಿ. ಪೈಲಟ್‌ಗೆ ಹಾಕಲು ತಂದಿದ್ದ ಹಾರ; ಕಾದು ಕಾದು ಕೈ ನೋವು ಬಂದು ತಾವೇ ಹಾಕಿಕೊಂಡವರು ತೆಗೆಯುವುದನ್ನು ಮರೆತಿದ್ದರು.

"ಏನು ಕಳುವಾಗಿದೆ?" ಸಬ್ ಇನ್ಸ್‌ಪೆಕ್ಟರ್ ರುದ್ರಯ್ಯ ಕೇಳಿದರು.

"ಗಾಳಿಚೀಲ."

"ಹಾಗಂದರೆ?"

"ಕಂಬದ ತುದೀಲಿ ಕಟ್ಟೋ ಬಟ್ಟೆ ಕೊಳವೆ ಸ್ವಾಮಿ. ಗಾಳಿ ಯಾವ ಕಡೆಗೆ ಬೀಸ್ತಿದೆ ಅಂತ ಪೈಲಟ್‌ಗೆ ತೋರಿಸುತ್ತೆ. ಅದಿಲ್ಲದ ಕಡೆ ಇಳಿಯಕೂಡದು ಅಂತ ವಿಮಾನ ಕಂಪನಿ ಕಾನೂನು. ವಿಮಾನ ನಮ್ಮ ತಲೆ ಮೇಲೇ ಎರಡು ಸುತ್ತು ಹಾಕಿ, ಸೀದಾ ಚನ್ನರಾಯಪಟ್ಟಣಕ್ಕೆ ಹೋಗಿ ಇಳೀತು! ವಾಲಗದವರು ಬಾಯಿ ಬಿಟ್ಟುಕೊಂಡು ನಿಂತಿದ್ದರು. ಮಾನ ಹರಾಜಾಯ್ತು!"

ಮಾನದ ವಿಷಯ ಸುಳ್ಳಲ್ಲ. ಹಾಸನಕ್ಕೂ ಚನ್ನರಾಯಪಟ್ಟಣಕ್ಕೂ ಮಧ್ಯೆ ಇಪ್ಪತ್ತಮೂರು ಮೈಲಿ. ಎರಡೂ ಊರಿಗೆ ವಿಮಾನ ಇಳಿಯಲು ಒಂದೊಂದು ಮಣ್ಣಿನ ಓಡುದಾರಿ. ಇದ್ದದ್ದು ಎಂಟು ಸೀಟಿನ ಒಂದೇ ವಿಮಾನ, ಅದರಲ್ಲೂ ಆರು ಸೀಟು ಖಾಲಿ! ಮುಂದಿನ ವರ್ಷದ ಬೆಳಗೊಳದ ಮಸ್ತಕಾಭಿಷೇಕಕ್ಕೆ ಯಾತ್ರಿಕರು ಬರುತ್ತಾರೆಂಬ ಆಸೆಗೆ, ಹೊಳೆನರಸೀಪುರದವರೂ ಅರಕಲಗೂಡಿನವರೂ ನಮಗೂ ಒಂದಿರಲಿ ಎಂದು ಅರ್ಜಿ ಗುಜರಾಯಿಸಿದ್ದರು. ಕಂಪನಿಯವರು ಕಡೆಗೆ, ಒಂದನ್ನು ಮಾತ್ರ ಉಳಿಸುತ್ತೇವೆ, ಗುರುವಾರ ಪರೀಕ್ಷೆಗೆ ಬರುತ್ತೇವೆ ಎಂದಿದ್ದರು. ಉಳಿಯದ ಓಡುದಾರಿ ಮತ್ತೆ ರಾಗಿ ಹೊಲವಾಗಬೇಕು.

ರುದ್ರಯ್ಯ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಕೆಂಪಣ್ಣನನ್ನು ಕರೆದುಕೊಂಡು ಮೊಸಳೆ ಹಳ್ಳಿಗೆ ಹೋಗುವ ದಾರಿಯಲ್ಲಿ ಓಡುದಾರಿ ಇದ್ದ ಗೋಮಾಳಕ್ಕೆ ಹೊರಟರು. ಅಲ್ಲಿ ಕಂಬ ಬೋಳಾಗಿ ನಿಂತಿತ್ತು. ಹಗ್ಗ ಕತ್ತರಿಸಿರಲಿಲ್ಲ. ಚೀಲವನ್ನು ನಿಧಾನಕ್ಕೆ ಇಳಿಸಿ, ಬಿಚ್ಚಿ, ಹಗ್ಗವನ್ನು ಅಚ್ಚುಕಟ್ಟಾಗಿ ಸುತ್ತಿಟ್ಟಿದ್ದರು. ಪಂಚನಾಮೆ ಬರೆಸುತ್ತಿದ್ದಾಗ ಕೆಂಪಣ್ಣ ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ.

"ಸಾ, ಇಲ್ ನೋಡಿ! ಕದಿಯಾಕ್ ಬಂದೋನು ಪೂಜೆ ಮಾಡ್ಬುಟ್ಟು ಓಗವ್ನೆ ಕಣ್ ಸಾ!"

ಕಲ್ಲಿನ ಮೇಲೆ ಬಿಳಿ ಅಕ್ಕಿಯ ಐದು ಪುಟ್ಟ ಗುಡ್ಡೆಗಳು. ಒಂದೊಂದರ ತುದಿಯಲ್ಲೂ ಒಂದೊಂದು ಲವಂಗ. ಅರಿಶಿನವಿಲ್ಲ, ಕುಂಕುಮವಿಲ್ಲ. ಇರುವೆಗಳು ಆಗಲೇ ಸಾಲುಗಟ್ಟಿದ್ದವು. ಮೂರು ವರ್ಷ ಬೆಳಗೊಳದ ಹೊರಠಾಣೆಯಲ್ಲಿದ್ದ ರುದ್ರಯ್ಯನವರಿಗೆ ಇದು ಹೊಸದಲ್ಲ. ಬಸದಿಯಲ್ಲಿ ಜೈನರು ದೇವರ ಮುಂದೆ ಹೀಗೇ ಇಡುತ್ತಾರೆ.

"ಚೀಲ ಹೊಲಿದವರು ಯಾರು?" ಷಡಕ್ಷರಿಯವರನ್ನು ಕೇಳಿದರು.

"ಚನ್ನರಾಯಪಟ್ಟಣದ ಚಕ್ರೇಶ್ವರಿ ಅಂತ, ವಿಧವೆ. ಅವರ ಊರಿನದ್ದನ್ನೂ ಅವರೇ ಹೊಲಿದದ್ದು. ಅಯ್ಯೋ, ಆಯಮ್ಮ ಬಲು ಸಾಧು ಸ್ವಾಮಿ!"

"ಆ ಹಾರ ತೆಗೀರಿ," ಎಂದು ರುದ್ರಯ್ಯ ಜೀಪು ಹತ್ತಿದರು.

ಮಧ್ಯಾಹ್ನ ಒಂದು ಗಂಟೆ. ಚನ್ನರಾಯಪಟ್ಟಣದ ಬಸದಿ ಬೀದಿಯ ಮನೆಯಲ್ಲಿ ಚಕ್ರೇಶ್ವರಿ ಹೊಲಿಗೆ ಮಷಿನ್ ಮುಂದೆ ಕೂತಿದ್ದರು. ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ. ಎದ್ದು ಒಳಗೆ ಹೋಗಿ, ಮಡಿಬಟ್ಟೆಯಲ್ಲಿ ಸುತ್ತಿದ್ದ ಗಂಟನ್ನು ತಂದು ರುದ್ರಯ್ಯನವರ ಕೈಗೆ ಕೊಟ್ಟರು. ಕೇಸರಿ ಬಿಳಿ ಪಟ್ಟೆಯ ಚೀಲ, ಒಂದು ಸುಕ್ಕೂ ಇಲ್ಲದೆ ಮಡಿಸಿತ್ತು.

"ಯಾವಾಗ ತೆಗೆದಿರಿ?"

"ಇವತ್ತು ಬೆಳಗಾಗುವಾಗ. ನಿನ್ನೆ ಸಂಜೆ ಬಸ್ಸಿಗೆ ಹಾಸನಕ್ಕೆ ಹೋಗಿ ನಾದಿನಿ ಮನೇಲಿ ಉಳಕೊಂಡಿದ್ದೆ."

"ಅಕ್ಕಿ ಯಾಕೆ?"

"ವಿಮಾನದೊಳಗೆ ಜೀವಗಳಿರ್ತವಲ್ಲ ಸ್ವಾಮಿ. ಅವರಿಗೆ ನನ್ನಿಂದ ತೊಂದರೆ ಆಗುತ್ತಲ್ಲ ಅಂತ ಕ್ಷಮೆ ಕೇಳ್ಕೊಂಡೆ."

"ಕದ್ದದ್ದು ಯಾಕೆ?"

ಆಕೆ ಉತ್ತರ ಹೇಳುವ ಮೊದಲು ಸೆರಗಿನಿಂದ ಮುಖ ಒರೆಸಿಕೊಂಡರು. ಮೂರು ವರ್ಷದ ಕೆಳಗೆ ಮಗಳು ರಾಜೀಮತಿಗೆ ಗಂಟಲಮಾರಿ ಬಂದಿತ್ತು. ಉಸಿರು ಕಟ್ಟುತ್ತಿತ್ತು. ಔಷಧ ಇಲ್ಲೂ ಇಲ್ಲ, ಹಾಸನದಲ್ಲೂ ಇಲ್ಲ. ಡಾಕ್ಟರು ಬೆಂಗಳೂರಿಗೆ ಫೋನು ಮಾಡಿದರು. ಅಂದು ಬರಬೇಕಿಲ್ಲದ ವಿಮಾನ ಬಂತು. ಪೈಲಟ್ ಡಬ್ಬಿ ಕೊಟ್ಟು, ಒಂದು ಲೋಟ ನೀರೂ ಕುಡಿಯದೆ ತಿರುಗಿ ಹೋದರಂತೆ. ಆಕೆ ಆಸ್ಪತ್ರೆಯಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಪೈಲಟ್ ಮುಖ ಕೂಡ ನೋಡಲಿಲ್ಲ.

"ಹಾಸನದಲ್ಲಿ ದೊಡ್ಡ ಆಸ್ಪತ್ರೆ ಇದೆ, ರೈಲಿದೆ. ನಮಗಿರೋದು ಆ ಓಡುದಾರಿ ಒಂದೇ. ಅದನ್ನ ಉತ್ತುಬಿಟ್ರೆ, ನಾಳೆ ಇನ್ನೊಬ್ಬರ ಮಗೂಗೆ ಉಸಿರು ಕಟ್ಟಿದ್ರೆ ಏನ್ ಗತಿ? ತಪ್ಪು ಅಂತ ಗೊತ್ತಿತ್ತು. ಆದ್ರೂ ಮಾಡಿದೆ."

ಕೆಂಪಣ್ಣ ಗೋಡೆ ಕಡೆ ತಿರುಗಿ ಮೂಗು ಒರೆಸಿಕೊಂಡ. ರುದ್ರಯ್ಯ ಮಹಜರು ಬರೆಸಿ, ದಸ್ತಗಿರಿ ಮಾಡಿ, ಮಗುವನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹಾಸನಕ್ಕೆ ಬಂದರು.

ಸಂಜೆ ಐದಕ್ಕೆ ಪೈಲಟ್ ಬೋಪಯ್ಯ ಹೇಳಿಕೆ ಕೊಡಲು ಠಾಣೆಗೆ ಬಂದರು. ಕೊಡಗಿನವರು, ಮಾತು ಕಮ್ಮಿ.

"ಇಂದಿನ ಪರೀಕ್ಷೆಯಲ್ಲಿ ಯಾವ ಊರು ಗೆದ್ದಿತು?" ರುದ್ರಯ್ಯ ಕೇಳಿದರು.

"ಯಾವುದೂ ಇಲ್ಲ. ಎರಡು ಊರಿನ ಪ್ರಯಾಣಿಕರನ್ನ ಸೇರಿಸಿದರೂ ಪೆಟ್ರೋಲಿನ ಖರ್ಚು ಹುಟ್ಟಲ್ಲ. ಎರಡನ್ನೂ ಮುಚ್ಚೋದು ಅಂತ ಬೆಂಗಳೂರಿನಲ್ಲಿ ಹೋದ ವಾರವೇ ತೀರ್ಮಾನ ಆಗಿದೆ. ನನಗೆ ಮಧ್ಯಾಹ್ನ ತಂತಿ ಬಂತು."

ಬಾಗಿಲ ಬಳಿ ನಿಂತಿದ್ದ ಷಡಕ್ಷರಿ ಬೆಂಚಿನ ಮೇಲೆ ಕುಸಿದು ಕೂತರು. ಮೂಲೆಯಲ್ಲಿದ್ದ ಚಕ್ರೇಶ್ವರಿ ಮುಂದೆ ಬಂದು, "ಸ್ವಾಮಿ, ಮೂರು ವರ್ಷದ ಕೆಳಗೆ ಚನ್ನರಾಯಪಟ್ಟಣಕ್ಕೆ ಗಂಟಲಮಾರಿ ಔಷಧ ತಂದೋರು ಯಾರು ಅಂತ ನಿಮಗೆ ಗೊತ್ತಾ?" ಎಂದರು.

ಬೋಪಯ್ಯ ತಿರುಗಿ ನೋಡಿದರು. "ನಾನೇ. ಅಪ್ಪಣೆ ಇಲ್ಲದೆ ಹಾರಿಸಿದೆ ಅಂತ ಕಂಪನಿಯವರು ಒಂದು ತಿಂಗಳು ಮನೇಲಿ ಕೂರಿಸಿದ್ರು. ಔಷಧ ಹೊತ್ತಿಗೆ ಸರಿಯಾಗಿ ಸಿಕ್ತೋ ಇಲ್ವೋ, ಯಾರೂ ಹೇಳಲಿಲ್ಲ. ಕೇಳೋಕೂ ಹೆದರಿಕೆ ಆಯ್ತು. ಮಗು..."

"ಹೊರಗೆ ಜಗಲೀ ಮೇಲೆ ಕೂತಿದ್ದಾಳೆ," ಎಂದರು ಚಕ್ರೇಶ್ವರಿ.

ಬೋಪಯ್ಯ ಎದ್ದು ಹೊರಗೆ ಹೋದರು. ಎಂಟು ವರ್ಷದ ಹುಡುಗಿ ಕೆಂಪಣ್ಣ ಕೊಡಿಸಿದ ಕಡಲೆಮಿಠಾಯಿ ತಿನ್ನುತ್ತಿದ್ದಳು. ಅವರು ಅವಳ ಮುಂದೆ ಮಂಡಿಯೂರಿ ಕೂತರು.

"ಏನಾದ್ರೂ ಮಾತಾಡು ಮರಿ. ಏನಾದ್ರೂ ಸರಿ."

ರಾಜೀಮತಿ ಮಿಠಾಯಿ ನುಂಗಿಕೊಂಡು, ಬೀದಿಯ ಆ ತುದಿಗೂ ಕೇಳುವಂಥ ಗಟ್ಟಿ ಗಂಟಲಲ್ಲಿ ಕೇಳಿದಳು: "ನಮ್ಮಮ್ಮನ್ನ ಯಾವಾಗ ಬಿಡ್ತೀರಿ?"

ಬೋಪಯ್ಯ ನಗಲು ಹೋಗಿ ಅತ್ತುಬಿಟ್ಟರು. ಒಳಗೆ ಚಕ್ರೇಶ್ವರಿ ಎರಡೂ ಕೈ ಜೋಡಿಸಿ ನಿಂತಿದ್ದರು.

ಮಾರನೆಯ ದಿನ ಕೋರ್ಟಿನಲ್ಲಿ ಜಾಮೀನಿಗೆ ಇಬ್ಬರು ನಿಂತರು. ಒಬ್ಬರು ಬೋಪಯ್ಯ. ಇನ್ನೊಬ್ಬರು, ಯಾರೂ ಕರೆಯದಿದ್ದರೂ ಹೊಸ ಹಾರ ಹಿಡಿದುಕೊಂಡು ಬಂದಿದ್ದ ಫಿರ್ಯಾದಿ ಷಡಕ್ಷರಿ. ಈ ಸಲ ಹಾರ ಪೈಲಟ್ ಕತ್ತಿಗೇ ಬಿತ್ತು. ಕೇಸ್ ಡೈರಿಯಲ್ಲಿ ಕೃತ್ಯಕ್ಕೆ ಪ್ರೇರಣೆ ಎಂಬಲ್ಲಿ ರುದ್ರಯ್ಯ ದ್ವೇಷ ಎಂದೂ ಬರೆಯಲಿಲ್ಲ, ಆಸೆ ಎಂದೂ ಬರೆಯಲಿಲ್ಲ. ಆರೋಪಿಯು ಒಂದು ಉಪಕಾರವನ್ನು ಮರೆಯಲಾರದೆ ಈ ಕೃತ್ಯ ಎಸಗಿರುತ್ತಾಳೆ ಎಂದು ಬರೆದು, ರುಜು ಹಾಕಿ, ಚಹಾ ಕುಡಿಯಲು ಎದ್ದರು.