ಸೇದದವರ ರಕ್ತದಲ್ಲಿ ಧೂಮಕೇತು

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಗುಬ್ಬಿ ಬೆಚ್ಚಿದಳು. ಜನ್ಮದಲ್ಲಿ ಸಿಗರೇಟು ಮುಟ್ಟದವರ ರಕ್ತಕೋಶಗಳು ಇವು. ಹೆಚ್ಚುಕಡಿಮೆ ದುಂಡಗೆ ಕಾಣಬೇಕಿತ್ತು. ಇಲ್ಲಿ ನೋಡಿದರೆ ಒಂದೊಂದಕ್ಕೂ ಮಾರುದ್ದದ ಬಾಲ!

ಗುಬ್ಬಿ ಆ ಪ್ರಯೋಗಾಲಯದ ಟೆಕ್ನಿಷಿಯನ್. ಆಳು ಕುಳ್ಳಗಿದ್ದುದರಿಂದ ಬಂದ ಹೆಸರು. ಹೊಗೆಯಿಂದ ಕೋಶದೊಳಗಿನ ಡಿಎನ್‌ಎ ಎಳೆಗಳು ತುಂಡಾಗುತ್ತವೆ; ವಿದ್ಯುತ್ ಹಾಯಿಸಿದರೆ ಆ ತುಂಡುಗಳು ಧೂಮಕೇತುವಿನ ಬಾಲದಂತೆ ಹರಡಿಕೊಳ್ಳುತ್ತವೆ. ಬಾಲ ಉದ್ದವಾದಷ್ಟೂ ಹಾನಿ ಹೆಚ್ಚು. ಸೇದುವವರಿಗೂ ಸೇದದವರಿಗೂ ಇರುವ ವ್ಯತ್ಯಾಸ ತೋರಿಸುವುದೇ ಅಲ್ಲಿನ ಕೆಲಸ.

ವಿಭಾಗದ ಮುಖ್ಯಸ್ಥರಾದ ದೊಡ್ಡ ಡಾಕ್ಟರು ಬಂದು ನೋಡಿದರು. ಅವರ ಮುಖ ಬಿಳಚಿಕೊಂಡಿತು.

"ಸೇದುವವರ ರಕ್ತಾನೇ ಎರಡೂ ಟ್ರೇಗೆ ಹಾಕಿದ್ದೀಯ."

"ಇಲ್ಲ ಸರ್! ಸತ್ಯವಾಗ್ಲೂ ಇಲ್ಲ—"

"ತನಿಖೆ ಆಗ್ಲಿ. ತಪ್ಪು ನಿನ್ನದಾದ್ರೆ ಕೆಲಸ ಬಿಡ್ಬೇಕಾಗುತ್ತೆ."

ಕೈಹಿಡಿದು ಈ ಕೆಲಸ ಕಲಿಸಿದವರ ಬಾಯಲ್ಲಿ ಈ ಮಾತು! ಗುಬ್ಬಿಗೆ ಕೆಲಸ ಹೋಗುವ ಭಯಕ್ಕಿಂತ ಅದೇ ಹೆಚ್ಚು ನೋವು ಕೊಟ್ಟಿತು. ಆದರೆ ಕೆಲಸ ಹೋದರೂ ಕಷ್ಟವೇ. ಅವಳ ಸಂಬಳದಲ್ಲೇ ಮನೆ ನಡೆಯುತ್ತಿತ್ತು.

ತನಿಖೆಗೆ ಬಂದವರು ನಿವೃತ್ತ ವಿಜ್ಞಾನಿಯೊಬ್ಬರು. ಬೆನ್ನ ಹಿಂದೆ ಎಲ್ಲರೂ ಅವರನ್ನು ಭೂತಗನ್ನಡಿ ಮೇಷ್ಟ್ರು ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಒಳಗೊಳಗೇ ಖುಷಿ.

"ರಕ್ತ ತಗೊಂಡಾಗ ಏನು ಕೇಳ್ತೀಯಮ್ಮ?"

"ಎಲ್ಲರಿಗೂ ಒಂದೇ ಪ್ರಶ್ನೆ ಸಾರ್— ಸಿಗರೇಟು ಸೇದ್ತೀರಾ? ಹೂಂ ಅಂದ್ರೆ ಒಂದು ಟ್ರೇ, ಇಲ್ಲ ಅಂದ್ರೆ ಇನ್ನೊಂದು."

"ಆಮೇಲೆ?"

"ಔಷಧಿ ಹಾಕಿ ಕೋಶಗಳಿಗೆ ಸ್ವಲ್ಪ ಪೆಟ್ಟು ಮಾಡ್ತೀವಿ. ಅರ್ಧದಷ್ಟನ್ನ ತಕ್ಷಣ ಗಾಜಿನ ಪಟ್ಟಿಗೆ ಹಾಕ್ತೀವಿ. ಉಳಿದದ್ದನ್ನ ಬೆಚ್ಚಗಿಟ್ಟು, ತಾವಾಗೇ ರಿಪೇರಿ ಮಾಡ್ಕೊಳ್ಳೋಕೆ ಬಿಟ್ಟು, ಆಮೇಲೆ ಹಾಕ್ತೀವಿ."

"ಪಟ್ಟಿಗೆ ಬಿದ್ಮೇಲೆ ಕೋಶಕ್ಕೆ ಜೀವ ಇರುತ್ತಾ?"

"ಇಲ್ಲ ಸಾರ್. ಕೆಂಪು ದೀಪ ಮಾತ್ರ ಇರೋ ಕತ್ತಲೆ ಕೋಣೇಲಿ, ಕಪ್ಪು ಬಟ್ಟೆ ಮುಚ್ಚಿ ಇಡ್ತೀವಿ. ಬಿಸಿಲು ಬಿದ್ರೆ ಡಿಎನ್‌ಎ ಮತ್ತೆ ತುಂಡಾಗುತ್ತೆ."

"ಆ ಕೋಣೆ ಬೀಗದ ಕೈ?"

"ನನ್ನ ಹತ್ರ, ದೊಡ್ಡ ಡಾಕ್ಟರ ಹತ್ರ, ಕಿರಿಯ ಡಾಕ್ಟರ ಹತ್ರ."

ಮೇಷ್ಟ್ರು ಎರಡೂ ಟ್ರೇಗಳ ಪಟ್ಟಿಗಳನ್ನು ನೋಡುತ್ತಾ ಬಹಳ ಹೊತ್ತು ಕುಳಿತರು. ಬಳಿಕ ಕತ್ತಲೆ ಕೋಣೆಗೆ ಹೋದರು. ಸದಾ ಮುಚ್ಚಿರುವ ಕಿಟಕಿಯ ಪಕ್ಕದಲ್ಲೇ ಸೇದದವರ ಟ್ರೇ ಇಡುವ ಜಾಗ. ಮಡಿಸಿಟ್ಟ ಕಪ್ಪು ಬಟ್ಟೆಯನ್ನು ಅವರು ಬಿಡಿಸಿದರು.

"ಇದನ್ನ ಒಗೆಯೋದು ಯಾರು?"

"ನಾನೇ. ಪ್ರತಿ ಸಲ ಒಗೆದೇ ಮುಚ್ಚೋದು."

"ಹಾಗಾದ್ರೆ ಈ ಧೂಳು ಎಲ್ಲಿಂದ ಬಂತು?"

ಬಟ್ಟೆಯ ನಡುವೆ ತಟ್ಟೆಯಗಲದ ದುಂಡು ಗುರುತು, ಅಂಚಿಗೆ ಜೇಡರ ಬಲೆ. ಮೇಷ್ಟ್ರು ತಲೆಯೆತ್ತಿ ಸೂರು ನೋಡಿದರು. ಹೊಗೆ ಕಂಡರೆ ಕೂಗುವ ಅಲಾರಂ ಅಲ್ಲಿತ್ತು. ಸುತ್ತೆಲ್ಲ ಬಲೆ, ಅದೊಂದು ಮಾತ್ರ ಒರೆಸಿದಷ್ಟು ಚೊಕ್ಕಟ.

ಎಲ್ಲರನ್ನೂ ಕರೆಸಿದರು.

"ಸೇದುವವರ ರಕ್ತ ನಿಧಾನವಾಗಿಯಾದ್ರೂ ರಿಪೇರಿ ಮಾಡ್ಕೊಳ್ಳುತ್ತೆ. ಅವರ ಟ್ರೇನಲ್ಲಿ ಅದು ಕಾಣ್ತಿದೆ. ಈ ಟ್ರೇನಲ್ಲಿ? ತಕ್ಷಣ ಹಾಕಿದ್ದಕ್ಕೂ ಕಾದು ಹಾಕಿದ್ದಕ್ಕೂ ಅಷ್ಟೇ ಬಾಲ. ರಿಪೇರಿ ಒಂದು ಚೂರೂ ಇಲ್ಲ! ಎಲ್ಲರೂ ಬಾಲದ ಉದ್ದ ನೋಡಿದ್ರಿ, ಇದನ್ನ ನೋಡಲಿಲ್ಲ. ಸತ್ತ ಕೋಶ ರಿಪೇರಿ ಮಾಡ್ಕೊಳ್ಳಲ್ಲ; ಈ ಪೆಟ್ಟು ಬಿದ್ದದ್ದು ಕೋಶಗಳು ಸತ್ತ ಮೇಲೆ. ರಕ್ತ ಅದಲುಬದಲಾಗಿಲ್ಲ. ಪಟ್ಟಿಗಳ ಮೇಲೆ ಬಿಸಿಲು ಬಿದ್ದಿದೆ."

"ಬಿಸಿಲಾ?" ಎಂದರು ಕಿರಿಯ ಡಾಕ್ಟರು.

"ಯಾರೋ ಕದ್ದು ಸೇದೋಕೆ ಈ ಬಟ್ಟೆ ತೆಗೆದು ಅಲಾರಂಗೆ ಸುತ್ತಿದ್ದಾರೆ. ಹೊಗೆ ಹೊರಗೆ ಹೋಗ್ಲಿ ಅಂತ ಕಿಟಕಿ ತೆರೆದಿದ್ದಾರೆ. ಆಮೇಲೆ ಎಲ್ಲ ಇದ್ದ ಹಾಗೇ ಇಟ್ಟಿದ್ದಾರೆ."

ಕಿರಿಯ ಡಾಕ್ಟರ ಕಿವಿ ಕೆಂಪಾದವು. "ನಾನು ಸೇದ್ತೀನಿ, ನಿಜ. ಆದ್ರೆ—"

"ಗೇಟಿನ ಹತ್ರ ರಾಜಾರೋಷವಾಗಿ ಸೇದ್ತೀರಿ, ನಾನೇ ನೋಡಿದೆ. ನಿಮಗೆ ಕತ್ತಲೆ ಕೋಣೆ ಯಾಕೆ? ಗುಬ್ಬಿಗೆ ಮೇಜು ಹತ್ತಿದ್ರೂ ಅಲಾರಂ ಎಟುಕಲ್ಲ. ಇಲ್ಲಿಗೆ ಬರೋದು, ಬಿಟ್ಟೆ ಅಂತ ಊರಿಗೆಲ್ಲ ಹೇಳಿ ಬಿಡೋಕೆ ಆಗದವರು." ಮೇಷ್ಟ್ರ ದನಿ ತಗ್ಗಿತು. "ಡಾಕ್ಟ್ರೇ, ನೀವು."

ದೊಡ್ಡ ಡಾಕ್ಟರು ಕುರ್ಚಿಯಲ್ಲಿ ಕುಸಿದರು. ಅಣ್ಣ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಹೋದ ದಿನವೇ ಸಿಗರೇಟು ಬಿಟ್ಟೆ ಎಂದು ಅವರು ಹೇಳಿದ್ದನ್ನು ಕೇಳದವರೇ ಅಲ್ಲಿರಲಿಲ್ಲ.

"ಗೊತ್ತಿದ್ದೂ ನನ್ನ ಮೇಲೆ ಹಾಕಿದ್ರಾ ಸರ್?" ಗುಬ್ಬಿ ನೇರವಾಗಿ ಅವರನ್ನೇ ಕೇಳಿದಳು.

"ಬಟ್ಟೆ ತೆಗೆದಾಗ ಕೆಂಪು ದೀಪದಲ್ಲಿ ಗಾಜಿನ ಪಟ್ಟಿ ಕಾಣ್ಲಿಲ್ಲ, ಟ್ರೇ ಖಾಲಿ ಅಂದ್ಕೊಂಡೆ. ಬಾಲ ನೋಡಿದ ಮೇಲೆ ಗೊತ್ತಾಯ್ತಮ್ಮ. ಬಾಯಿ ಬಿಡೋ ಧೈರ್ಯ ಬರ್ಲಿಲ್ಲ. ನಾಚಿಕೆ."

ಗುಬ್ಬಿಗೆ ಸಿಟ್ಟು ಬಂದಿತ್ತು. ಅಯ್ಯೋ ಪಾಪ ಎಂದೂ ಅನ್ನಿಸಿತು. ಎರಡರಲ್ಲಿ ಯಾವುದು ಹೆಚ್ಚೋ ಅವಳಿಗೇ ತಿಳಿಯಲಿಲ್ಲ.

ದೊಡ್ಡ ಡಾಕ್ಟರು ನಿಧಾನವಾಗಿ ಅಂಗಿಯ ತೋಳು ಮಡಿಸಿದರು. "ಹೇಗೂ ಎಲ್ಲ ಮೊದಲಿಂದ ಮಾಡ್ಬೇಕು. ನನ್ನಿಂದಲೇ ಶುರು ಮಾಡು."

ಗುಬ್ಬಿ ಕೈಗವಸು ಹಾಕಿಕೊಂಡಳು. ಅವರ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದಳು.

"ಸಿಗರೇಟು ಸೇದ್ತೀರಾ, ಸರ್?"

"ಹೂಂ," ಎಂದರು ಅವರು, ಎಲ್ಲರಿಗೂ ಕೇಳಿಸುವಂತೆ. "ಸೇದ್ತೀನಿ."